ವಿಪಿಎನ್ ಹಾಕಿ ದೇಶ ಬದಲಾಯಿಸಿದ್ರೆ ಫ್ಲೈಟ್ ಟಿಕೆಟ್ ಅಗ್ಗ ಆಗುತ್ತಾ?

ಬಹಳಷ್ಟು ಸಲ ಇಲ್ಲ. ವಿಪಿಎನ್ ಅಂದ್ರೆ ನೀವು ಬೇರೆ ದೇಶದಲ್ಲಿದ್ದೀರಿ ಅಂತ ಸೈಟಿಗೆ ತೋರಿಸೋ ಆ್ಯಪ್, ಆದ್ರೆ ರೇಟು ಹೆಚ್ಚಾಗಿ ನಿಂತಿರೋದು ಉಳಿದ ಸೀಟಿನ ಮೇಲೆ. ಒಂದೇ ಎಕಾನಮಿ ಕ್ಲಾಸ್‌ನೊಳಗೇ ಬೇರೆ ಬೇರೆ ರೇಟಿನ ಗುಂಪುಗಳಿರ್ತವೆ, ಕಮ್ಮಿ ರೇಟಿನ ಸೀಟು ಖಾಲಿಯಾದ್ರೆ ಮುಂದಿನ ರೇಟು, ಅಷ್ಟೇ. ನಾಲ್ಕು ಜನಕ್ಕೆ ಒಟ್ಟಿಗೆ ಹುಡುಕಿದಾಗ ಕಮ್ಮಿ ರೇಟಲ್ಲಿ ಮೂರೇ ಸೀಟಿದ್ರೆ ಸಾಮಾನ್ಯವಾಗಿ ನಾಲ್ಕಕ್ಕೂ ಜಾಸ್ತಿ ರೇಟೇ ತೋರಿಸುತ್ತೆ, ಒಬ್ಬೊಬ್ಬರಿಗೆ ಬೇರೆ ಬೇರೆ ಹುಡುಕಿ ನೋಡಿ, ವಿಪಿಎನ್‌ಗಿಂತ ಇದೇ ವಾಸಿ. ಟಿಕೆಟ್ ಯಾವ ದೇಶದಲ್ಲಿ ಮಾರ್ತಿದಾರೆ ಅನ್ನೋದರ ಮೇಲೆ ಕೆಲವೊಮ್ಮೆ ದರ ಬೇರೆ ಇರೋದು ನಿಜ, ಆದ್ರೆ ಅದಕ್ಕೆ ವಿಪಿಎನ್ ಯಾಕ್ರೀ, ಎಷ್ಟೋ ಏರ್‌ಲೈನ್ ಸೈಟಲ್ಲೇ ದೇಶ ಚೇಂಜ್ ಮಾಡೋ ಆಪ್ಷನ್ ಇದೆಯಲ್ಲ. ಇನ್ನು ಯೂರೋದಲ್ಲಿ ಕಟ್ಟಿದ್ರೆ ನಮ್ಮ ಕಾರ್ಡಿನವರು ಸಾಮಾನ್ಯವಾಗಿ ಮಾರ್ಕಪ್, ಅಂದ್ರೆ ವಿದೇಶಿ ಕರೆನ್ಸಿಗೆ ಎಕ್ಸ್‌ಟ್ರಾ ಚಾರ್ಜ್ ಹಾಕ್ತಾರೆ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ, ಮಾರ್ಕಪ್ 3.5 ಪರ್ಸೆಂಟ್ ಇದ್ರೆ 40,000 ರೂಪಾಯಿ ಟಿಕೆಟ್ಟಿಗೆ 1,652 ಎಕ್ಸ್‌ಟ್ರಾ.