ಅರ್ಜಿ ಹಾಕೋದು ಬೇರೆ, ಹೋಗೋದು ಬೇರೆ

ಈ ಹುಡುಗಿಯನ್ನು ಸುಧಾ ಎನ್ನೋಣ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಗದಗ ಕಡೆಯ ಹಳ್ಳಿ, ಎರಡನೇ ಪಿಯುಸಿ ಸೈನ್ಸ್. ಜೆಇಇ ಮೇನ್‌ನಲ್ಲಿ ಒಳ್ಳೆಯ ಅಂಕ ಬಂದು, ಐಐಟಿ ಸೀಟಿಗೆ ಬರೆಯಬೇಕಾದ ಅಡ್ವಾನ್ಸ್ಡ್ ಪರೀಕ್ಷೆಗೆ ಅರ್ಹಳಾಗಿದ್ದಳು. ಅಷ್ಟರಲ್ಲಿ ಲಾರಿ ಓಡಿಸುತ್ತಿದ್ದ ಅಪ್ಪನಿಗೆ ಲಕ್ವಾ ಹೊಡೆದಿತ್ತು. ಅವ್ವನ ಹೊಲಿಗೆಯಿಂದಲೇ ಮನೆ ನಡೆಯುತ್ತಿತ್ತು. ಸೋದರಮಾವ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಬಿಲ್ ಬರೆಯುವ ಕೆಲಸ ನೋಡಿಟ್ಟಿದ್ದರು.

ಆ ಪರೀಕ್ಷೆಗೆ ಅರ್ಜಿ ಹಾಕಲು ನಾಲ್ಕು ದಿನ ಉಳಿದಾಗ ಗಣಿತದ ಸರ್ ಅವಳನ್ನು ನನ್ನ ಬಳಿ ಕರೆತಂದರು. ಅವಳು ಬರೀ ದುಡ್ಡಿನ ಮಾತಾಡಿದಳು. ನಾನು ಬೇರೆ ಕೇಳಿದೆ: ನಿನ್ನೆ ಬೆಳಗ್ಗೆ ಎದ್ದಾಗಿಂದ ಏನೇನು ಮಾಡಿದೆ, ಹೇಳು. ಐದಕ್ಕೆ ಎದ್ದು ಅಪ್ಪನನ್ನು ಎಬ್ಬಿಸಿ ಕೂಡಿಸಿದ್ದು. ಮುಖ ತೊಳೆಸಿ ಗಡ್ಡ ಮಾಡಿದ್ದು. ಬಲಗೈಯಲ್ಲಿ ಚೆಂಡು ಹಿಡಿಸಿ ಇಪ್ಪತ್ತು ಸಲ ಒತ್ತಿಸಿದ್ದು. ಹೇಳುತ್ತಾ ಹೇಳುತ್ತಾ ನಿಲ್ಲಿಸಿದಳು. "ನಾ ಹೋದ್ರ ಇದನ್ನೆಲ್ಲ ಮಾಡೋರು ಯಾರ್ರಿ ಮೇಡಮ್?"

ಗಂಟು ಇದ್ದದ್ದು ಅಲ್ಲಿ. ಅರ್ಜಿ ಹಾಕಿಲ್ಲ ಅನ್ನೋದು ಅವ್ವನಿಗೇ ಗೊತ್ತಿರಲಿಲ್ಲ. ಮರುದಿನ ಅವರನ್ನೂ ಕರೆಸಿದೆ. "ನನಗ ಒಂದ್ ಮಾತ ಕೇಳಬಾರದಾಗಿತ್ತೇನ?" ಎಂದರು. ಇಬ್ಬರೂ ಅತ್ತರು. ನಾನು ಸುಮ್ನೆ ಕೂತಿದ್ದೆ. ಇಂಥ ಹೊತ್ತಲ್ಲಿ ಸಮಾಧಾನದ ಮಾತು ಅಡ್ಡ ಬರುತ್ತದೆ.

ಆಮೇಲೆ ಹೇಳಿದೆ. ಇವತ್ತು ತೀರ್ಮಾನ ಮಾಡಬೇಕಾದದ್ದು ಅರ್ಜಿ ಮಾತ್ರ. ಹುಡುಗಿಯರಿಗೆ ಶುಲ್ಕ ₹1,600. ಹೋಗಬೇಕಾ ಬೇಡವಾ ಅನ್ನೋದನ್ನು ಸೀಟು ಕೈಗೆ ಬಂದ ಮೇಲೆ, ಅಪ್ಪನನ್ನೂ ಕೂರಿಸಿಕೊಂಡು ಮಾತಾಡಿ. ಅವರ ಕೈಕಾಲು ಬಿದ್ದಿದೆ, ತಿಳಿವಳಿಕೆ ಅಲ್ಲ. ಧಾರವಾಡದಲ್ಲೂ ಐಐಟಿ ಇದೆ. 2018ರಿಂದ ಹುಡುಗಿಯರಿಗೆ ಹೆಚ್ಚುವರಿ ಸೀಟುಗಳೂ ಇವೆ. ರಾಜ್ಯದ ಕಾಲೇಜು ಸೀಟುಗಳ ಸಿಇಟಿ ಬರೆದಾಗಿತ್ತು, ಆ ದಾರಿಯನ್ನೂ ಮುಚ್ಚಬೇಡ ಎಂದೆ.

ದುಡ್ಡಿನ ಲೆಕ್ಕವನ್ನು ಹಾಳೆಯ ಮೇಲೆ ಬರೆದೆವು. ಐಐಟಿಯಲ್ಲಿ ವರ್ಷಕ್ಕೆ ₹2 ಲಕ್ಷ ಬೋಧನಾ ಶುಲ್ಕ. ಮನೆಯ ವಾರ್ಷಿಕ ಆದಾಯ ₹1 ಲಕ್ಷದೊಳಗಿದ್ದರೆ ಅದು ಪೂರ್ತಿ ಮನ್ನಾ. ₹5 ಲಕ್ಷದವರೆಗೆ ಮೂರರಲ್ಲಿ ಎರಡು ಪಾಲು ಮನ್ನಾ. ಹಾಸ್ಟೆಲ್, ಮೆಸ್ ಖರ್ಚು ಉಳಿಯುತ್ತದೆ. ಅದಕ್ಕೆ ಬ್ಯಾಂಕಿನ ಶಿಕ್ಷಣ ಸಾಲ ಕೇಳಿ, ಕೈಸಾಲ ಬೇಡ ಎಂದೆ.

ಜಾಸ್ತಿ ಹೊತ್ತು ಹೋಗಿದ್ದು ಕಾಗದಪತ್ರಕ್ಕೆ. ಅವಳ ಬಳಿಯ ಆದಾಯ ಪ್ರಮಾಣಪತ್ರ ಅಪ್ಪ ದುಡಿಯುತ್ತಿದ್ದ ಕಾಲದ್ದು. ವಾಯಿದೆ ಇನ್ನೂ ಇತ್ತು, ಆದರೆ ಅದರಲ್ಲಿದ್ದ ಆದಾಯ ಈಗ ಆ ಮನೆಯಲ್ಲಿ ಇಲ್ಲ. ನಾಡಕಚೇರಿಯಲ್ಲಿ ಹೊಸದಕ್ಕೆ ಅರ್ಜಿ ಕೊಡಿ ಎಂದೆ. ಜಾತಿ ಪ್ರಮಾಣಪತ್ರ ರಾಜ್ಯದ ಹಿಂದುಳಿದ ವರ್ಗಗಳ 2ಎ ನಮೂನೆಯದು. ಅದು ಸಿಇಟಿಗೆ ಸಾಕು, ಐಐಟಿಗೆ ನಡೆಯಲ್ಲ. ಕೇಂದ್ರದ ಒಬಿಸಿ ನಮೂನೆಯದೇ ಬೇಕು, ಅದೂ ಆ ವರ್ಷದ ಏಪ್ರಿಲ್ 1ರ ನಂತರ ಪಡೆದದ್ದು. ಎಷ್ಟೋ ನಮ್ಮ ಮಕ್ಕಳು ಇಲ್ಲೇ ಎಡವುತ್ತಾರೆ. ನೋಡಿದಾಗೆಲ್ಲ ಸಂಕಟವಾಗುತ್ತದೆ. ಪತ್ರ ಬರುವತನಕ ಮುಚ್ಚಳಿಕೆ ಲಗತ್ತಿಸಿ ಅರ್ಜಿ ಹಾಕಿಸಿದೆವು.

ಕೊನೆಗೆ ಬೆಳಗಿನ ಕೆಲಸ ಹಂಚಿದೆವು. ಎಬ್ಬಿಸೋದು ಅವ್ವ, ಚೆಂಡು ಒತ್ತಿಸೋದು ಎಂಟನೇ ಕ್ಲಾಸಿನ ತಮ್ಮ. ಅವತ್ತಿನವರೆಗೆ ಅವನನ್ನು ಯಾರೂ ಕೇಳಿಯೇ ಇರಲಿಲ್ಲ.

ಪರೀಕ್ಷೆ ಮುಗಿಸಿ ಸುಧಾ ಫೋನ್ ಮಾಡಿದ್ದಳು. ಮೂರು ಮೂರು ಗಂಟೆಯ ಎರಡು ಪೇಪರ್, ಎರಡನ್ನೂ ಪೂರ್ತಿ ಕೂತು ಬರೆದಿದ್ದಳು. ಅವತ್ತು ಅಪ್ಪನ ಗಡ್ಡವನ್ನು ತಮ್ಮನೇ ಮಾಡಿದನಂತೆ.