ಮಕ್ಕಳಿಗೆ ಇಷ್ಟ, ಅತ್ತೆಗೆ ಬೇಡ: ಯಾವ ಗೆಣಸು ಹಾಕೋಣ?

ಪ್ರಶ್ನೆ: ನಮ್ಮದು ಖಾನಾಪುರ ತಾಲ್ಲೂಕು. ಮಳೆಗಾಲದಲ್ಲಿ ಗೆಣಸು ಹಾಕುತ್ತೇವೆ. ಈ ಸಲ ಮೈದುನ ಕಿತ್ತಳೆ ತಿರುಳಿನ ಹೊಸ ತಳಿಯ ಬಳ್ಳಿ ತಂದು ನೆಟ್ಟ. ಬೆಳೆ ಚೆನ್ನಾಗಿಯೇ ಬಂತು. ಆದರೆ ಅತ್ತೆಯವರು ಒಂದು ತುತ್ತು ತಿಂದು "ಬರೀ ನೀರು, ಕುಂಬಳಕಾಯಿ ಇದ್ದ ಹಾಗಿದೆ" ಅಂದರು. ಮಕ್ಕಳು ಮಾತ್ರ ಕೇಳಿ ಕೇಳಿ ತಿನ್ನುತ್ತಾರೆ. ಮುಂದಿನ ವರ್ಷ ಇದನ್ನು ಹಾಕೋದಾ, ಬಿಡೋದಾ?
— ಓದುಗರೊಬ್ಬರು, ಬೆಳಗಾವಿ ಜಿಲ್ಲೆ

ಉತ್ತರ: ಅತ್ತೆಯವರು ಹೇಳಿದ್ದು ಸರಿ. ಮಕ್ಕಳದ್ದೂ ತಪ್ಪಲ್ಲ. ಗೆಣಸು ತಿಂದು ಬೆಳೆದವರು ಸಿಹಿಗಿಂತ ಮೊದಲು ಹಿಟ್ಟಿನಂಶ ನೋಡುತ್ತಾರೆ. ಬಿಳಿ ಗೆಣಸು ಬೆಂದರೆ ಹಿಟ್ಟು ಹಿಟ್ಟಾಗಿ ಒಡೆಯುತ್ತದೆ, ಗಂಟಲಲ್ಲಿ ಸ್ವಲ್ಪ ಹಿಡಿಯುತ್ತದೆ, ಮೇಲೆ ಒಂದು ಲೋಟ ಮಜ್ಜಿಗೆ ಬೇಕು ಅನ್ನಿಸುತ್ತದೆ. ಹೊಟ್ಟೆ ತುಂಬಿತು ಅನ್ನೋ ತೃಪ್ತಿ ಅದರಲ್ಲೇ ಇರೋದು. (ನನ್ನನ್ನು ಕೇಳಿದರೆ ನಾನೂ ಅತ್ತೆಯವರ ಪಕ್ಷವೇ.) ಕಿತ್ತಳೆ ತಳಿಗಳಲ್ಲಿ ಬಹಳಷ್ಟು ಮೆತ್ತಗಿರುತ್ತವೆ, ನೀರು ಜಾಸ್ತಿ. ಹಲ್ಲು ಮೂಡಿದ ಮಗುವಿಗೆ ಅದೇ ಸುಲಭ, ಅಲ್ವಾ?

ಆಫ್ರಿಕಾದಲ್ಲೂ ಇದೇ ಕಥೆ. ಉಗಾಂಡಾ, ಮೊಜಾಂಬಿಕ್ ಕಡೆ ಮಕ್ಕಳಿಗೆ ವಿಟಮಿನ್ 'ಎ' ಸಿಗಲಿ ಎಂದು ಕಿತ್ತಳೆ ಗೆಣಸಿನ ಬಳ್ಳಿ ಹಂಚಿದರು. ಮಕ್ಕಳು ಒಪ್ಪಿದರು. ದೊಡ್ಡವರು ಹಿಟ್ಟಾಗಿ ಒಡೆಯುವ ಹಳೆಯದನ್ನೇ ಕೇಳಿದರು. ಅದಕ್ಕೇ ತಳಿ ತಜ್ಞರು ಒಣ ಅಂಶ (ನೀರು ಬಿಟ್ಟು ಉಳಿಯೋದು) ಹೆಚ್ಚಿರುವ ಕಿತ್ತಳೆ ತಳಿಗಳನ್ನು ಬೆಳೆಸಲು ಹೊರಟರು. ಮರಿಯಾ ಆಂಡ್ರಾಡೆ, ರಾಬರ್ಟ್ ಮ್ವಾಂಗಾ, ಜಾನ್ ಲೋ ಅವರು 2016ರ ವಿಶ್ವ ಆಹಾರ ಪ್ರಶಸ್ತಿ ಹಂಚಿಕೊಂಡಿದ್ದು ಇದೇ ಗೆಣಸಿನ ಕೆಲಸಕ್ಕೆ.

ನಮ್ಮಲ್ಲಿ ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯ 'ಭೂ ಸೋನಾ' ಇದೆ. 100 ಗ್ರಾಂನಲ್ಲಿ 14 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ (ಮೈಯಲ್ಲಿ ವಿಟಮಿನ್ 'ಎ' ಆಗೋದು ಇದೇ), ಆದರೂ ಒಣ ಅಂಶ ಶೇ 27ರಿಂದ 29. ಅಂದರೆ ಕಿತ್ತಳೆ ಬಣ್ಣದ್ದೆಲ್ಲ ನೀರು ನೀರಾಗಿರಬೇಕು ಅಂತೇನಿಲ್ಲ. ಇದು ಒಡಿಶಾಕ್ಕೆ ಬಿಡುಗಡೆಯಾದ ತಳಿ. ನಿಮ್ಮ ಮಣ್ಣಿನಲ್ಲಿ ಒಂದೆರಡು ಸಾಲು ಹಾಕಿ ನೋಡಿ, ಹೊಲವಿಡೀ ಬೇಡ.

ಬಳ್ಳಿ ನೆಡುವ ಮೊದಲು ತಿಂದು ನೋಡೋದು ಒಳ್ಳೆಯದು. ಹಳೆಯದು, ಹೊಸದು ಎರಡನ್ನೂ ಒಂದೇ ಗಾತ್ರದ್ದು ಆರಿಸಿ, ಒಟ್ಟಿಗೇ ಹಬೆಯಲ್ಲಿ ಬೇಯಿಸಿ. ಸಿಪ್ಪೆ ತೆಗೆದು, ಅತ್ತೆಯವರಿಗೆ ಕಣ್ಣು ಮುಚ್ಚಿಸಿ ಕೊಡಿ. ಕಿತ್ತಳೆ ಬಣ್ಣ ಕಂಡ ಕೂಡಲೇ ನಾಲಿಗೆ ಕುಂಬಳಕಾಯಿ ರುಚಿ ಹುಡುಕುತ್ತದೆ. ಹಾಗಾಗಿ ಈ ಆಟ ಸುಮ್ನೆ ಅಲ್ಲ. ಆಗಲೂ ಬೇಡ ಅಂದರೆ ಬೇಡ. ಬಲವಂತ ಮಾಡಬೇಡಿ.

ಮಾರಾಟದ ಲೆಕ್ಕ ಬೇರೆ. ಬೆಳಗಾವಿಯಿಂದ ಗೆಣಸು ದೆಹಲಿಯವರೆಗೂ ಹೋಗುತ್ತದೆ. ಕೊಳ್ಳುವವರು ಸಿಪ್ಪೆಯ ಬಣ್ಣ, ಗಾತ್ರ ನೋಡುತ್ತಾರೆ, ತಿರುಳನ್ನಲ್ಲ. ಮನೆಗೆ ಹೋಗಿ ಕೊಯ್ದಾಗ ಕಿತ್ತಳೆ ಕಂಡರೆ ಅವರು ಏನನ್ನುತ್ತಾರೋ! ಮಾರೋದಕ್ಕೆ ಹಳೆಯ ತಳಿಯೇ ಇರಲಿ. ಕಿತ್ತಳೆಯದು ಮನೆಗೆ ಸಾಕಾಗುವಷ್ಟು ಹಾಕಿ. ಮಕ್ಕಳಿಗೆ ಕೊಡುವಾಗ ಸ್ವಲ್ಪ ತುಪ್ಪ ಸವರಿ, ಜಿಡ್ಡಿದ್ದರೆ ಬೀಟಾ ಕ್ಯಾರೊಟಿನ್ ಮೈಗೆ ಚೆನ್ನಾಗಿ ಹತ್ತುತ್ತದೆ. ಹೋಳಿಗೆಗೆ ಮಾತ್ರ ಬಿಳಿಯದೇ ಸರಿ. ಮೆತ್ತನೆ ಗೆಣಸಿನ ಹೂರಣ ಲಟ್ಟಿಸುವಾಗ ಹೊರಗೆ ಬರುತ್ತದೆ.

ಇನ್ನೊಂದು ಮಾತು. ಕುಕ್ಕರ್ ಬಿಟ್ಟು ಕೆಂಡದ ಬೂದಿಯಲ್ಲಿ ನಿಧಾನವಾಗಿ ಸುಟ್ಟು ಕೊಡಿ. ಮೆಲ್ಲಗೆ ಬಿಸಿಯಾದರೆ ಪಿಷ್ಟ ಸಕ್ಕರೆಯಾಗಲು ಸಮಯ ಸಿಗುತ್ತದೆ, ನೀರೂ ಆರುತ್ತದೆ.

ಪ್ರಶ್ನೆ: ಎಷ್ಟು ಬೇಯಿಸಿದರೂ ಗೆಣಸಿನ ನಡುಭಾಗ ಗಟ್ಟಿಯಾಗೇ ಇರುತ್ತದೆ. ತಳಿಯ ದೋಷವೇ?
— ಗೃಹಿಣಿ, ಬೆಂಗಳೂರು

ಉತ್ತರ: ಫ್ರಿಜ್ಜಿನಲ್ಲಿ ಇಡುತ್ತೀರಾ? ಹಸಿ ಗೆಣಸಿಗೆ ತಂಡಿ ಆಗದು, ಒಳಗೆ ಗಟ್ಟಿ ಕಟ್ಟುತ್ತದೆ. ಗಾಳಿಯಾಡುವ ಬುಟ್ಟಿಯಲ್ಲಿ ಹೊರಗೇ ಇಡಿ. ಕಹಿ ಇದ್ದರೆ ಮಾತ್ರ ಅದು ಮೂತಿ ಹುಳು ಹೊಕ್ಕ ಗೆಣಸು ಇರಬಹುದು, ಬಿಸಾಡಿ.