ಪಕ್ಷಗಳು ಹಕ್ಕುಗಳ ವಿಷಯದಲ್ಲಿ ನಿಲುವು ಬದಲಿಸಿದ್ದನ್ನು ಪತ್ತೆ ಹಚ್ಚುವುದು ಹೇಗೆ? ಹಾಸನ–ಚಿಕ್ಕಮಗಳೂರಿನಿಂದ ಉದಾಹರಣೆ ಸಿಗುತ್ತದೆಯೇ?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಲಿಂಕನ್ನರ ರಿಪಬ್ಲಿಕನ್ ಪಕ್ಷ ಗುಲಾಮಗಿರಿ ತೆಗೆಯಿತು, ಆದರೆ ಇವತ್ತು ಅಮೆರಿಕದ ಕಪ್ಪು ಮತದಾರರಲ್ಲಿ ಬಹುಪಾಲು ಮಂದಿ ಡೆಮಾಕ್ರಟಿಕ್ ಪಕ್ಷದ ಕಡೆಗಿದ್ದಾರೆ; ನಮ್ಮ ಪಕ್ಷಗಳೂ ಹೀಗೆ ಪಲ್ಟಿ ಹೊಡೆದಿವೆಯೇ, ಅದರ ಮೇಲೆ ಬಿಎ ಪ್ರಾಜೆಕ್ಟ್ ಮಾಡಬಹುದೇ? ಧಾರಾಳವಾಗಿ ಮಾಡಬಹುದು. ಆದರೆ ಪ್ರಣಾಳಿಕೆಗಳಿಂದ ಶುರು ಮಾಡಬೇಡಿ. ಪ್ರಣಾಳಿಕೆಯಲ್ಲಿ ಹಕ್ಕುಗಳಿಗೆ ವಿರುದ್ಧ ಇದ್ದೇವೆ ಎಂದು ಯಾವ ಪಕ್ಷವೂ ಬರೆದುಕೊಳ್ಳುವುದಿಲ್ಲ. ಮತಕ್ಕೆ ಹಾಕಿದಾಗ ಏನು ಮಾಡಿತು, ಅಧಿಕಾರ ಸಿಕ್ಕ ಮೇಲೆ ಏನು ಮಾಡಲಿಲ್ಲ, ಇವೆರಡನ್ನೇ ಹಿಡಿಯಿರಿ.

ಅಮೆರಿಕದ್ದನ್ನು ಬೇಗ ಮುಗಿಸುತ್ತೇನೆ. 1964ರ ನಾಗರಿಕ ಹಕ್ಕು ಮಸೂದೆ ಕೆಳಮನೆಯಲ್ಲಿ ಮೊದಲ ಸಲ 290–130ರಿಂದ (ಪರ–ವಿರುದ್ಧ) ಪಾಸಾಯಿತು. ಪಕ್ಷವಾರು ನೋಡಿದರೆ ಡೆಮಾಕ್ರಟರು 152–96, ರಿಪಬ್ಲಿಕನ್ನರು 138–34. ಇಷ್ಟಕ್ಕೇ ನಿಂತರೆ ರಿಪಬ್ಲಿಕನ್ನರೇ ಹೆಚ್ಚು ಉದಾರಿಗಳು ಅನ್ನಿಸುತ್ತದೆ. ಪ್ರದೇಶವಾರು ಒಡೆಯಿರಿ: ದಕ್ಷಿಣದ ಡೆಮಾಕ್ರಟರು 7–87, ದಕ್ಷಿಣದ ರಿಪಬ್ಲಿಕನ್ನರು 0–10, ಉಳಿದ ಕಡೆಯ ಡೆಮಾಕ್ರಟರು 145–9, ರಿಪಬ್ಲಿಕನ್ನರು 138–24. ಎರಡೂ ಪ್ರದೇಶಗಳಲ್ಲಿ ಡೆಮಾಕ್ರಟರೇ ಹೆಚ್ಚು ಪ್ರಮಾಣದಲ್ಲಿ ಪರವಾಗಿದ್ದರು, ಒಟ್ಟು ಮೊತ್ತದಲ್ಲಿ ಮಾತ್ರ ಹಿಂದೆ ಬಿದ್ದರು. ಏಕೆಂದರೆ ದಕ್ಷಿಣದ ಸೀಟುಗಳೆಲ್ಲ ಹೆಚ್ಚುಕಡಿಮೆ ಅವರ ಕೈಯಲ್ಲೇ ಇದ್ದವು. ಕಪ್ಪು ಮತದಾರರು 1936ರಲ್ಲೇ ರೂಸ್‌ವೆಲ್ಟ್ ಕಡೆ ವಾಲಿದ್ದರು. 1948ರಲ್ಲಿ ಹಕ್ಕುಗಳ ವಿಚಾರಕ್ಕೆ ದಕ್ಷಿಣದ ಒಂದು ಗುಂಪು ಡೆಮಾಕ್ರಟಿಕ್ ಸಮಾವೇಶದಿಂದ ಎದ್ದು ಹೋಗಿತ್ತು. 1964ರಲ್ಲಿ ಆ ಮಸೂದೆಗೆ ವಿರುದ್ಧ ಮತ ಹಾಕಿದ ಗೋಲ್ಡ್‌ವಾಟರ್ ರಿಪಬ್ಲಿಕನ್ ಅಭ್ಯರ್ಥಿಯಾಗಿ, ತಮ್ಮ ಅರಿಜೋನಾ ಬಿಟ್ಟರೆ ಗೆದ್ದದ್ದು ದಕ್ಷಿಣದ ಐದು ರಾಜ್ಯಗಳನ್ನು ಮಾತ್ರ. ಅಂದರೆ ಅಲ್ಲಿ ಮೊದಲು ಜಾಗ ಬದಲಿಸಿದ್ದು ಮತದಾರರ ನೆಲೆ. ಅದಕ್ಕೆ ಸುಮಾರು 30 ವರ್ಷ ಹಿಡಿಯಿತು.

ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಬೇರೆ ಥರದ ಬದಲಾವಣೆ. ಇಲ್ಲಿ ಮತದಾರರು ಕದಲುವುದಕ್ಕೆ ಮುಂಚೆಯೇ ನಿಲುವು ಬದಲಾಗುತ್ತದೆ, ಕುರ್ಚಿ ಬದಲಾದ ತಕ್ಷಣ. ಇದನ್ನು ತೋರಿಸಲು ವಿಚಾರಣೆಯಿಲ್ಲದ ಬಂಧನಕ್ಕಿಂತ, ಅಂದರೆ ಮುನ್ನೆಚ್ಚರಿಕೆ ಬಂಧನದ ಕಾನೂನುಗಳಿಗಿಂತ, ಒಳ್ಳೆಯ ವಸ್ತು ಇಲ್ಲ. ನಿಮ್ಮ ಎರಡು ಜಿಲ್ಲೆಗಳಿಗೂ ಅದು ನೇರವಾಗಿ ತಾಗುತ್ತದೆ.

1977ರ ಚುನಾವಣೆಯಲ್ಲಿ, ತುರ್ತು ಪರಿಸ್ಥಿತಿ ಮುಗಿದ ಬೆನ್ನಲ್ಲೇ, ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಬಂದವು. ಜನತಾಕ್ಕೆ ಸಿಕ್ಕಿದ್ದು ಎರಡು, ಅದರಲ್ಲಿ ಹಾಸನ ಒಂದು. ಪಕ್ಕದ ಚಿಕ್ಕಮಗಳೂರು ಕಾಂಗ್ರೆಸ್ಸಿನದ್ದು. ಅಲ್ಲಿ ಗೆದ್ದಿದ್ದ ಡಿ.ಬಿ. ಚಂದ್ರೇಗೌಡರು ಸ್ಥಾನ ಬಿಟ್ಟುಕೊಟ್ಟು, 1978ರ ನವೆಂಬರಿನಲ್ಲಿ ಇಂದಿರಾ ಗಾಂಧಿ ಜನತಾ ಪಕ್ಷದ ವೀರೇಂದ್ರ ಪಾಟೀಲರನ್ನು 77 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಘಟ್ಟದ ಮೇಲಿನ ಮತದಾರ ಇಲ್ಲಿ ಹಕ್ಕುಗಳ ಬಗ್ಗೆ ತೀರ್ಪು ಕೊಟ್ಟ ಎಂದು ಬರೆಯಬೇಡಿ. ದೇವರಾಜ ಅರಸರ ಸರ್ಕಾರ, 1974ರ ಭೂಸುಧಾರಣೆ ತಿದ್ದುಪಡಿ, ಗೇಣಿದಾರರ ಅರ್ಜಿಗಳು ಎಲ್ಲವೂ ಆ ಹೊತ್ತಿನ ಹಿನ್ನೆಲೆಯಲ್ಲಿವೆ. ಜೈಲಿನ ಹಕ್ಕಿಗಿಂತ ಜಮೀನಿನ ಹಕ್ಕು ಹತ್ತಿರದ್ದಾಗಿತ್ತು ಎಂಬುದು ನನ್ನ ಓದು. ನೀವು ಒಪ್ಪದಿದ್ದರೂ ಆ ಪ್ರಶ್ನೆಯನ್ನು ಪ್ರಾಜೆಕ್ಟಿನಲ್ಲಿ ಎತ್ತಿ.

ಈಗ ಕಾನೂನಿನ ಎಳೆ. ವಿಚಾರಣೆಯಿಲ್ಲದೆ ಬಂಧಿಸಿಡಲು ಬಿಡುತ್ತಿದ್ದ ಆಂತರಿಕ ಭದ್ರತಾ ಕಾಯ್ದೆ ‘ಮೀಸಾ’ 1971ರದ್ದು, ಇಂದಿರಾ ಸರ್ಕಾರದ್ದು. 1978ರಲ್ಲಿ ಜನತಾ ಸರ್ಕಾರ ಅದನ್ನು ರದ್ದು ಮಾಡಿತು. ಅಲ್ಲಿಯವರೆಗೆ ಚೆಂದ. ಆದರೆ 1979ರ ಅಕ್ಟೋಬರಿನಲ್ಲಿ ಚರಣ್ ಸಿಂಗ್ ಅವರ ಉಸ್ತುವಾರಿ ಸರ್ಕಾರ ಕಾಳಸಂತೆ ತಡೆಯುವ ಹೆಸರಿನಲ್ಲಿ ಮತ್ತೆ ಮುನ್ನೆಚ್ಚರಿಕೆ ಬಂಧನದ ಸುಗ್ರೀವಾಜ್ಞೆ ತಂದಿತು. ಚರಣ್ ಸಿಂಗ್ ಸ್ವತಃ ತುರ್ತು ಪರಿಸ್ಥಿತಿಯಲ್ಲಿ ಜೈಲು ಕಂಡವರು. 1980ರಲ್ಲಿ ಇಂದಿರಾ ವಾಪಸ್ ಬಂದು ರಾಷ್ಟ್ರೀಯ ಭದ್ರತಾ ಕಾಯ್ದೆ ತಂದರು. ನಮ್ಮ ರಾಜ್ಯದ ‘ಗೂಂಡಾ ಕಾಯ್ದೆ’ 1985ರದ್ದು. ಅದು ಕಾಂಗ್ರೆಸ್ಸಿನದ್ದಲ್ಲ, ರಾಮಕೃಷ್ಣ ಹೆಗಡೆಯವರ ಜನತಾ ಸರ್ಕಾರದ್ದು. ಹೆಗಡೆಯವರೂ ತುರ್ತು ಪರಿಸ್ಥಿತಿಯಲ್ಲಿ ಬಂಧನದಲ್ಲಿದ್ದವರೇ. 2014ರಲ್ಲಿ ಕಾಂಗ್ರೆಸ್ ಸರ್ಕಾರ ಆ ಕಾಯ್ದೆಯನ್ನು ಕಿತ್ತು ಹಾಕಲಿಲ್ಲ. ಆ್ಯಸಿಡ್ ದಾಳಿಕೋರರು, ಡಿಜಿಟಲ್ ಅಪರಾಧಿಗಳು, ಭೂಗಳ್ಳರು ಎಂದು ಪಟ್ಟಿಯನ್ನು ಉದ್ದ ಮಾಡಿತು.

ಇದಕ್ಕಿಂತ ಬಲವಾದ ಸಾಕ್ಷಿ 44ನೇ ತಿದ್ದುಪಡಿಯ 3ನೇ ಸೆಕ್ಷನ್. ಜನತಾ ಸರ್ಕಾರ ತಂದ ಈ ಸಂವಿಧಾನ ತಿದ್ದುಪಡಿಯಿಂದಲೇ ತುರ್ತು ಪರಿಸ್ಥಿತಿ ಘೋಷಿಸಲು ‘ಆಂತರಿಕ ಗೊಂದಲ’ ಎಂಬ ಕಾರಣ ಹೋಗಿ ‘ಸಶಸ್ತ್ರ ದಂಗೆ’ ಬಂದದ್ದು, 20 ಮತ್ತು 21ನೇ ವಿಧಿಗಳನ್ನು (ಆರೋಪಿಗಳ ರಕ್ಷಣೆ, ಜೀವ ಮತ್ತು ಸ್ವಾತಂತ್ರ್ಯದ ಹಕ್ಕು) ತುರ್ತು ಪರಿಸ್ಥಿತಿಯಲ್ಲೂ ಅಮಾನತು ಮಾಡುವಂತಿಲ್ಲ ಎಂದಾದದ್ದು. ಅದರ 3ನೇ ಸೆಕ್ಷನ್ ಬಂಧಿತರ ರಕ್ಷಣೆಗಿರುವ 22ನೇ ವಿಧಿಯನ್ನು ಬದಲಿಸಬೇಕಿತ್ತು: ಬಂಧನ ಸರಿಯೇ ಎಂದು ಪರಿಶೀಲಿಸುವ ಸಲಹಾ ಮಂಡಳಿಯ ಒಪ್ಪಿಗೆ ಇಲ್ಲದೆ ಇಟ್ಟುಕೊಳ್ಳುವ ಅವಧಿ ಮೂರರಿಂದ ಎರಡು ತಿಂಗಳಿಗೆ ಇಳಿಯಬೇಕಿತ್ತು, ಮಂಡಳಿಯ ಅಧ್ಯಕ್ಷರು ಹೈಕೋರ್ಟಿನ ಹಾಲಿ ನ್ಯಾಯಮೂರ್ತಿಯೇ ಆಗಬೇಕಿತ್ತು. 1979ರ ಏಪ್ರಿಲಿನಲ್ಲಿ ರಾಷ್ಟ್ರಪತಿ ಅಂಕಿತ ಬಿತ್ತು, ಜೂನಿನಲ್ಲಿ ಉಳಿದ ಬಹುಭಾಗ ಜಾರಿಗೂ ಬಂತು. ಈ ಒಂದು ಸೆಕ್ಷನ್‌ಗೆ ಮಾತ್ರ ಜಾರಿ ದಿನಾಂಕದ ಅಧಿಸೂಚನೆ ಹೊರಡಲೇ ಇಲ್ಲ. ತಂದ ಜನತಾ ಸರ್ಕಾರವೇ ಹೊರಡಿಸಲಿಲ್ಲ. ನಂತರ ಬಂದ ಕಾಂಗ್ರೆಸ್ ಸರ್ಕಾರಗಳೂ ಹೊರಡಿಸಲಿಲ್ಲ. ಹಾಸನ ಜಿಲ್ಲೆಯ ದೇವೇಗೌಡರು ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರು ಜೈಲಿನಲ್ಲಿದ್ದವರು. ಅವರು ಪ್ರಧಾನಿಯಾಗಿದ್ದ ಸುಮಾರು 11 ತಿಂಗಳಲ್ಲೂ ಹೊರಡಲಿಲ್ಲ. ಜನತಾ ಸಂಪುಟದಲ್ಲೇ ಮಂತ್ರಿಗಳಾಗಿದ್ದ ವಾಜಪೇಯಿ ಮತ್ತು ಆಡ್ವಾಣಿ 1998ರಿಂದ 2004ರವರೆಗೆ ದೆಹಲಿಯಲ್ಲಿ ಅಧಿಕಾರ ನಡೆಸಿದಾಗಲೂ ಇಲ್ಲ. ಅಧಿಸೂಚನೆ ಹೊರಡಿಸಿ ಎಂದು ಸರ್ಕಾರಕ್ಕೆ ಆದೇಶಿಸಲು ಸುಪ್ರೀಂ ಕೋರ್ಟ್ ಎ.ಕೆ. ರಾಯ್ ಪ್ರಕರಣದಲ್ಲಿ ಒಪ್ಪಲಿಲ್ಲ. ಯಾವ ಭಾಷಣದಲ್ಲೂ ಸಿಗದ ನಿಲುವು ಇಲ್ಲಿ ಸಿಗುತ್ತದೆ, ಅದಕ್ಕೇ ಇಷ್ಟು ಹೊತ್ತು ಹೇಳಿದೆ.

ಇದೇ ಎಳೆಯನ್ನು ಮುಂದಕ್ಕೆ ಎಳೆದರೆ ವಾಜಪೇಯಿ ಸರ್ಕಾರದ ಭಯೋತ್ಪಾದನೆ ತಡೆ ಕಾಯ್ದೆ, ಅಂದರೆ ಪೋಟಾ. 2002ರ ಮಾರ್ಚಿನಲ್ಲಿ ರಾಜ್ಯಸಭೆ ತಿರಸ್ಕರಿಸಿದ್ದರಿಂದ ಜಂಟಿ ಅಧಿವೇಶನ ಕರೆದು 425–296ರಿಂದ ಪಾಸು ಮಾಡಿದರು. ವಿರೋಧಿಸಿದ ಕಾಂಗ್ರೆಸ್ 2004ರಲ್ಲಿ ಅಧಿಕಾರಕ್ಕೆ ಬಂದು ರದ್ದು ಮಾಡಿತು, ಜೊತೆಜೊತೆಗೇ ಭಯೋತ್ಪಾದನೆಯ ಅಧ್ಯಾಯವನ್ನು ಯುಎಪಿಎಗೆ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಸೇರಿಸಿತು. 2008ರ ಮುಂಬೈ ದಾಳಿಯ ನಂತರ, ಆರೋಪಪಟ್ಟಿ ಇಲ್ಲದೆ 180 ದಿನ ಇಡಬಹುದು ಎಂದೂ ಆಯಿತು. 2019ರಲ್ಲಿ ವ್ಯಕ್ತಿಗಳನ್ನೇ ಭಯೋತ್ಪಾದಕರೆಂದು ಘೋಷಿಸುವ ತಿದ್ದುಪಡಿ ಬಂದಾಗ ಕಾಂಗ್ರೆಸ್ ಲೋಕಸಭೆಯಲ್ಲಿ ಎದ್ದು ಹೊರನಡೆಯಿತು. ರಾಜ್ಯಸಭೆಯಲ್ಲಿ ಮೊದಲು ಆಯ್ಕೆ ಸಮಿತಿಗೆ ಕಳುಹಿಸಿ ಎಂದು ಕೇಳಿ, ಸೋತ ಮೇಲೆ ಮಸೂದೆಯ ಪರ ಮತ ಹಾಕಿತು. ಒಂದೇ ಪಕ್ಷ, ಒಂದೇ ಮಸೂದೆ, ಎರಡು ಮನೆ, ಮೂರು ವರ್ತನೆ. ನಿಮ್ಮ ಕೋಷ್ಟಕದಲ್ಲಿ ‘ಪರ/ವಿರುದ್ಧ’ ಎಂಬ ಎರಡೇ ಕಾಲಂ ಇದ್ದರೆ ಇದು ಹಿಡಿಸುವುದೇ ಇಲ್ಲ.

ಕೋಷ್ಟಕದಲ್ಲಿ ದಿನಾಂಕ, ಮಸೂದೆಯ ಸಂಖ್ಯೆ, ಆ ದಿನ ಪಕ್ಷ ಆಡಳಿತದಲ್ಲಿತ್ತೋ ವಿರೋಧದಲ್ಲಿತ್ತೋ, ಮತ (ಪರ, ವಿರುದ್ಧ, ತಟಸ್ಥ, ಸಭಾತ್ಯಾಗ), ಆ ಪಕ್ಷ ಮಂಡಿಸಿದ ತಿದ್ದುಪಡಿ, ಮುಂದೆ ಅಧಿಕಾರ ಸಿಕ್ಕಾಗ ಮಾಡಿದ್ದು ಇಷ್ಟು ಇರಲಿ. ಕೊನೆಯ ಕಾಲಂ ಖಾಲಿ ಬಿದ್ದಿದ್ದರೆ ಖಾಲಿಯೇ ಬಿಡಿ, ಅದೂ ಒಂದು ಮಾಹಿತಿ.

ಮತಗಳ ದಾಖಲೆ ಹುಡುಕುವಾಗ ಮುಗ್ಗರಿಸುವ ಜಾಗಗಳಿವೆ. ಸಾಮಾನ್ಯ ಮಸೂದೆಗಳು ಬಹುತೇಕ ಧ್ವನಿಮತದಿಂದ ಪಾಸಾಗುತ್ತವೆ, ಯಾರಾದರೂ ವಿಭಜನೆ (ಎಣಿಸಿ ದಾಖಲಿಸುವ ಮತದಾನ) ಕೇಳದಿದ್ದರೆ ಹೆಸರುಗಳೇ ಇರುವುದಿಲ್ಲ. ಸಂವಿಧಾನ ತಿದ್ದುಪಡಿಗೆ 368ನೇ ವಿಧಿಯಂತೆ ವಿಶೇಷ ಬಹುಮತ ಬೇಕಾದ್ದರಿಂದ ಹೆಸರುವಾರು ಪಟ್ಟಿ ಸಿಗುತ್ತದೆ. ಹಾಗಾಗಿ ತಿದ್ದುಪಡಿಗಳಿಂದಲೇ ಆರಂಭಿಸಿ. ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ವಿಷಯ ಹಾಕಿ ಹುಡುಕುವುದಕ್ಕಿಂತ ದಿನಾಂಕ ಹಾಕಿ ಹುಡುಕಿ. ಪಟ್ಟಿಯಲ್ಲಿ ಸದಸ್ಯರ ಹೆಸರಿರುತ್ತದೆ, ಪಕ್ಷ ಇರುವುದಿಲ್ಲ. ಆ ಲೋಕಸಭೆಯ ಸದಸ್ಯರ ಪಟ್ಟಿಯೊಂದಿಗೆ ಒಂದೊಂದಾಗಿ ತಾಳೆ ಹಾಕಬೇಕು. ಸದನದ ಮತದಾನದ ಬೋರ್ಡಿನಲ್ಲಿ ಬಂದ ಮೊತ್ತಕ್ಕೂ ಹೆಸರುಗಳ ಎಣಿಕೆಗೂ ವ್ಯತ್ಯಾಸ ಬಂದರೆ ಗಾಬರಿ ಬೇಡ: ಚೀಟಿ ಬರೆದುಕೊಟ್ಟು ಮತ ದಾಖಲಿಸಿದವರು ಅಥವಾ ಸರಿಪಡಿಸಿಕೊಂಡವರು ಅಡಿಟಿಪ್ಪಣಿಯಲ್ಲಿರುತ್ತಾರೆ.

ಇನ್ನೊಂದು, 1985ರ ಪಕ್ಷಾಂತರ ನಿಷೇಧ ಕಾನೂನು. ಅದಾದ ಮೇಲೆ ವಿಪ್ (ಹೀಗೆ ಮತ ಹಾಕಿ ಎಂಬ ಪಕ್ಷದ ಆದೇಶ) ಮೀರಿ ಮತ ಹಾಕಿದರೆ ಸದಸ್ಯತ್ವಕ್ಕೇ ಕುತ್ತು. ಆದ್ದರಿಂದ ಅಮೆರಿಕದ ಹಾಗೆ ಪ್ರದೇಶವಾರು ಒಡೆದು ನೋಡುವ ಉಪಾಯ 1985ರ ನಂತರದ ನಮ್ಮ ಮತಗಳಿಗೆ ನಡೆಯುವುದಿಲ್ಲ. ಒಳಗಿನ ಭಿನ್ನಮತ ಹುಡುಕಲು ಸಂಸದೀಯ ಸಮಿತಿ ವರದಿಗಳ ಭಿನ್ನಾಭಿಪ್ರಾಯ ಟಿಪ್ಪಣಿಗಳನ್ನು ಓದಬೇಕು.

ಸಂಖ್ಯೆಗಳ ಗೊಂದಲಕ್ಕೆ ಮಹಿಳಾ ಮೀಸಲಾತಿಯೇ ಉದಾಹರಣೆ. ದೇವೇಗೌಡರ ಸರ್ಕಾರ 1996ರ ಸೆಪ್ಟೆಂಬರ್ 12ರಂದು ಮಂಡಿಸಿದ್ದು 81ನೇ ತಿದ್ದುಪಡಿ ‘ಮಸೂದೆ’. 81ನೇ ತಿದ್ದುಪಡಿ ‘ಕಾಯ್ದೆ’ ಎಂದು ಹುಡುಕಿದರೆ 2000ನೇ ಇಸವಿಯ ಬ್ಯಾಕ್‌ಲಾಗ್ ಹುದ್ದೆಗಳ ವಿಷಯ ಸಿಗುತ್ತದೆ. 2010ರ ಮಾರ್ಚ್ 9ರಂದು ರಾಜ್ಯಸಭೆಯಲ್ಲಿ 186–1ರಿಂದ ಪಾಸಾದದ್ದು 108ನೇ ಮಸೂದೆ. 2023ರ 128ನೇ ಮಸೂದೆ 106ನೇ ಕಾಯ್ದೆಯಾಯಿತು. 44ನೇ ತಿದ್ದುಪಡಿಯೂ ಮಸೂದೆಯಾಗಿದ್ದಾಗ 45ನೆಯದು. ಇಲ್ಲಿ ಬದಲಾವಣೆಯ ರೀತಿಯೂ ಬೇರೆ: 2010ರಲ್ಲಿ ಹಿಂದುಳಿದ ವರ್ಗಗಳ ಒಳಮೀಸಲಾತಿ ಇಲ್ಲದ ಮಸೂದೆಯನ್ನು ಪಾಸು ಮಾಡಿಸಿದ ಕಾಂಗ್ರೆಸ್ 2023ರಲ್ಲಿ ಅದನ್ನು ಕೇಳಿತು, ಒಳಮೀಸಲಾತಿ ಇಲ್ಲವೆಂದು 2010ರಲ್ಲಿ ಗದ್ದಲ ಎಬ್ಬಿಸಿದ ಸಮಾಜವಾದಿ ಪಕ್ಷ, ಆರ್‌ಜೆಡಿ 2023ರಲ್ಲಿ ಅದು ಇಲ್ಲದಿದ್ದರೂ ಪರವಾಗಿ ನಿಂತವು. ಲೋಕಸಭೆಯಲ್ಲಿ 454–2. ಅಂಕಿ ಮಾತ್ರ ನೋಡಿದರೆ ಎಲ್ಲರೂ ಒಂದೇ. ಷರತ್ತುಗಳನ್ನು ಓದಿದರೆ ಮಾತ್ರ ಯಾರು ಎಲ್ಲಿಗೆ ಸರಿದರು ಎಂಬುದು ಗೊತ್ತಾಗುತ್ತದೆ.

ರಾಜ್ಯ ಮಟ್ಟದ ಒಂದು ವಿಷಯ ಬೇಕೆಂದರೆ 2ಬಿ, ಅಂದರೆ ಹಿಂದುಳಿದ ವರ್ಗಗಳ ಮೀಸಲಾತಿಯಲ್ಲಿ ಮುಸ್ಲಿಮರ ಪ್ರವರ್ಗವನ್ನು ತೆಗೆದುಕೊಳ್ಳಿ. ಮುಸ್ಲಿಮರಿಗೆ ಶೇ 4 ಮೀಸಲಾತಿ 1995ರಲ್ಲಿ ದೇವೇಗೌಡರ ಜನತಾದಳ ಸರ್ಕಾರದ ಆದೇಶದಿಂದ ಬಂತು. 2023ರ ಮಾರ್ಚಿನಲ್ಲಿ ಬೊಮ್ಮಾಯಿಯವರ ಬಿಜೆಪಿ ಸರ್ಕಾರ ಅದನ್ನು ತೆಗೆದು ಒಕ್ಕಲಿಗರಿಗೂ ಲಿಂಗಾಯತರಿಗೂ ಶೇ 2ರಂತೆ ಹಂಚಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ ಜಾರಿ ನಿಂತಿತು. ಅದೇ ಸೆಪ್ಟೆಂಬರಿನಲ್ಲಿ ಜೆಡಿಎಸ್ ಎನ್‌ಡಿಎ ಸೇರಿತು. ಇದನ್ನು ‘ನಿಲುವು ಬದಲು’ ಎಂದು ಒಂದೇ ಏಟಿಗೆ ಬರೆಯಬೇಡಿ. ಮೈತ್ರಿ ಬೇರೆ, ಮತ ಬೇರೆ. ಮೈತ್ರಿಯ ನಂತರ ವಿಧಾನಮಂಡಲದಲ್ಲಿ ಆ ವಿಷಯ ಬಂದಾಗ ಪಕ್ಷ ಏನು ಹೇಳಿತು ಎಂದು ನಡಾವಳಿ ತೆಗೆದು ನೋಡಿ.

ಪಕ್ಷದ ಹೆಸರನ್ನು ಆಯಾ ದಿನಾಂಕಕ್ಕೆ ತಕ್ಕಂತೆ ಬರೆಯುವುದನ್ನೂ ಮರೆಯಬೇಡಿ. 1977ರಲ್ಲಿ ಬಿಜೆಪಿ ಇರಲಿಲ್ಲ, ಜನಸಂಘ ಜನತಾದೊಳಗೆ ಕರಗಿತ್ತು. ಬಿಜೆಪಿ ಹುಟ್ಟಿದ್ದು 1980ರಲ್ಲಿ. ಚಿಕ್ಕಮಗಳೂರಿನಲ್ಲಿ ಇಂದಿರಾ ವಿರುದ್ಧ ನಿಂತ ವೀರೇಂದ್ರ ಪಾಟೀಲರು 1989ರಲ್ಲಿ ಕಾಂಗ್ರೆಸ್ಸಿನಿಂದಲೇ ಮುಖ್ಯಮಂತ್ರಿಯಾದರು. ಇಂದಿರಾಗಾಗಿ ಸ್ಥಾನ ಬಿಟ್ಟ ಚಂದ್ರೇಗೌಡರು 2009ರಲ್ಲಿ ಬಿಜೆಪಿಯಿಂದ ಬೆಂಗಳೂರು ಉತ್ತರದ ಸಂಸದರಾದರು. ವ್ಯಕ್ತಿಗಳಿಗೆ ಒಂದು ಹಾಳೆ, ಪಕ್ಷಗಳಿಗೆ ಇನ್ನೊಂದು ಹಾಳೆ ಇಟ್ಟುಕೊಳ್ಳಿ. ಎರಡನ್ನೂ ಒಂದರಲ್ಲೇ ತುಂಬಿದರೆ, ಹಾರಿದ್ದು ನಾಯಕರೋ ನಿಲುವೋ ಎಂದು ಮೌಲ್ಯಮಾಪಕರು ಕೇಳಿದಾಗ ಉತ್ತರ ಇರುವುದಿಲ್ಲ.